ಅಡಿಕೆ ಸುಲಿಯುವ ಕೆಲಸ ಎಲ್ಲಿಗೆ ಹೋಯಿತು?

ಮಲೆನಾಡಿನಲ್ಲಿ ಕೊಯ್ಲಿನ ಮಾತು ಬಂದರೆ ಸುಲಿಯುವ ಯಂತ್ರವನ್ನು ಬೈಯುವವರೂ ಇದ್ದಾರೆ, ಹೊಗಳುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ತಿದ್ದಬೇಕಾದದ್ದು ಇದೆ.

ತಪ್ಪು ಕಲ್ಪನೆ: ಯಂತ್ರ ಬಂತು, ಸುಲಿಯುವ ಹೆಂಗಸರ ಕೆಲಸ ಹೋಯಿತು.

ವಾಸ್ತವ: ಬಹುಪಾಲು ಕಡೆ ನಡೆದದ್ದು ತಿರುಗಾಮುರುಗಾ. ಕೊಯ್ದ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸದಿದ್ದರೆ ಕೆಡುತ್ತದೆ. ಅದಕ್ಕೇ ಅಂಗಳದಲ್ಲಿ ಸಾಲಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ, ನಡುರಾತ್ರಿಯವರೆಗೂ ಸುಲಿತ, ಸುಲಿದಷ್ಟಕ್ಕೆ ಕೂಲಿ. ಆ ಸಾಲು ತೆಳುವಾದದ್ದು ಯಂತ್ರಕ್ಕಿಂತ ಮೊದಲು. ಮಗಳು ಕಾಲೇಜಿಗೆ ಹೋದಳು, ಇಲ್ಲವೇ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದಳು, ಅಮ್ಮನಿಗೆ ವಯಸ್ಸಾಯಿತು. ಮೆಟ್ಟುಗತ್ತಿಯ ಮುಂದೆ ಕೂರಲು ಮೂರನೆಯವರು ಬರಲಿಲ್ಲ. 2009ರಲ್ಲಿ ಪುತ್ತೂರಿನಲ್ಲಿ ಅಡಿಕೆ ಯಂತ್ರ ಮೇಳ ನಡೆದದ್ದು ಇಂಥ ಆಳಿನ ಬರದ ಕಾಲದಲ್ಲಿ.

ಹಾಗಂತ ಯಾರಿಗೂ ನಷ್ಟವಾಗಲಿಲ್ಲ ಎಂದರೆ ಅದು ಸುಳ್ಳು. ಗದ್ದೆಗಿಳಿದು ಬಗ್ಗಲಾಗದ ಮುದುಕಿಯರಿಗೆ ಸುಲಿತ ಕೂತು ಮಾಡುವ ಕೆಲಸವಾಗಿತ್ತು. ಯಾರ ಹತ್ತಿರವೂ ಕೈಚಾಚದೆ ವರ್ಷಕ್ಕೊಮ್ಮೆ ಕಾಣುತ್ತಿದ್ದ ಸ್ವಂತ ದುಡ್ಡು. ಅವರಿಗೆ ಬದಲಿ ಕೆಲಸವೇನೂ ಸಿಗಲಿಲ್ಲ.

ತಪ್ಪು ಕಲ್ಪನೆ: ಯಂತ್ರ ಇಟ್ಟರೆ ಆಳೇ ಬೇಡ.

ವಾಸ್ತವ: ಕಾಯಿ ಸುರಿಯಲು, ಸುಲಿಯದೆ ಉಳಿದದ್ದನ್ನೂ ಒಡೆದದ್ದನ್ನೂ ಆರಿಸಲು, ಸಿಪ್ಪೆ ಸಾಗಿಸಲು, ಬೇಯಿಸಲು, ಒಣಗಿಸಲು ಜನ ಬೇಕೇ ಬೇಕು. ಯಂತ್ರ ಉಳಿಸಿದ್ದು ಒಂದು ಹಂತದ ಕೈಗಳನ್ನು ಮಾತ್ರ.

ತಪ್ಪು ಕಲ್ಪನೆ: ನೆಲದಿಂದಲೇ ಕೊನೆ ಕೊಯ್ಯುವ ಉದ್ದ ಕೋಲು, ಅಂದರೆ ದೋಟಿ, ಬಂದ ಮೇಲೆ ಮರ ಹತ್ತುವ ಕೊನೆಗಾರನ ವಿದ್ಯೆ ಮುಗಿಯಿತು.

ವಾಸ್ತವ: ಒಂದು ಮರ ಹತ್ತಿ, ಇಳಿಯದೆಯೇ ಪಕ್ಕದ ಮರಕ್ಕೆ ದಾಟುವವನ ವಿದ್ಯೆ ಕೈಯಲ್ಲಷ್ಟೇ ಇಲ್ಲ, ಕಣ್ಣಿನಲ್ಲೂ ಇದೆ. ಯಾವ ಕೊನೆ ಬಲಿತಿದೆ, ಯಾವುದಕ್ಕೆ ಇನ್ನೂ ಹದಿನೈದು ದಿನ ಬಿಡಬೇಕು ಎಂಬುದನ್ನು ಕಾರ್ಬನ್ ಫೈಬರ್ ದೋಟಿ ಹೇಳಿಕೊಡುವುದಿಲ್ಲ. ಆದರೆ ದೋಟಿಯಿಂದ ಒಂದು ಉಪಕಾರವಾಗಿದೆ. ಮರ ಹತ್ತುವ ವಯಸ್ಸು ದಾಟಿದವನೂ ನೆಲದಲ್ಲೇ ನಿಂತು ಕೊಯ್ಯಬಲ್ಲ, ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿಲ್ಲ. ಅಷ್ಟಾದರೂ ಮರ ಹತ್ತುವವರ ಕೊರತೆ ನೀಗಿಲ್ಲ. 2018ರಲ್ಲಿ ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದಲ್ಲಿ ಯುವಕರಿಗೆ ಮರ ಹತ್ತುವುದಕ್ಕೆಂದೇ ತರಬೇತಿ ಶಿಬಿರ ಮಾಡಬೇಕಾಯಿತು. ಅಪ್ಪನಿಂದ ಮಗ ನೋಡಿ ಕಲಿಯುತ್ತಿದ್ದ ಕಸುಬಿಗೆ ಈಗ ಪ್ರಮಾಣಪತ್ರ!

ತಪ್ಪು ಕಲ್ಪನೆ: ಸುಲಿಯುವ ಕೆಲಸವೇ ಮಾಯವಾಯಿತು.

ವಾಸ್ತವ: ಮಾಯವಾಗಿಲ್ಲ, ಜಾಗ ಬದಲಿಸಿದೆ. ಆಳು ಹೊಂದಿಸಲಾಗದ ಎಷ್ಟೋ ಬೆಳೆಗಾರರು ಈಗ ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಡುತ್ತಾರೆ. ಚನ್ನಗಿರಿ ಕಡೆ ಇದನ್ನೇ ಖೇಣಿ ಅನ್ನುತ್ತಾರೆ. ಕೊಯ್ಯುವುದು, ಸುಲಿಸುವುದು, ಬೇಯಿಸುವುದು ಎಲ್ಲ ಚೇಣಿದಾರನ ಹೊಣೆ. ಹತ್ತಾರು ತೋಟದ ಕಾಯಿ ಅವನ ಒಂದೇ ಶೆಡ್ಡಿನಲ್ಲಿ ಬೀಳುವುದರಿಂದ ಯಂತ್ರದ ಖರ್ಚೂ ಅವನಿಗೇ ಗಿಟ್ಟುತ್ತದೆ. ಅಲ್ಲಿ ದುಡಿಯುವವರಿಗೆ ಅಡಿಕೆ ಯಾರ ತೋಟದ್ದೆಂದು ಗೊತ್ತಿರಬೇಕಿಲ್ಲ. ಕೂಲಿ ಕೈಗೆ ಬರುತ್ತದೆ. ಅಂಗಳದಲ್ಲಿ ಸರಿರಾತ್ರಿಗೆ ಬರುತ್ತಿದ್ದ ಚಹಾ, ಕವಳ, ಕೊಯ್ಲು ಮುಗಿದ ದಿನದ ಪಾಯಸದೂಟ ಆ ಲೆಕ್ಕದಲ್ಲಿ ಸೇರಿಲ್ಲ.