ಶಟರ್ ಸ್ಪ್ರಿಂಗ್: ‘ಕೆಲಸ ಮತ್ತು ಶಕ್ತಿ’ ಪಾಠಕ್ಕೊಂದು ಉದಾಹರಣೆ

ಒಂಬತ್ತನೆಯ ತರಗತಿಯಲ್ಲಿ ಪ್ರಚ್ಛನ್ನ ಶಕ್ತಿಗೆ ನಾವೆಲ್ಲ ಕೊಡುವ ಉದಾಹರಣೆಗಳು ಗೊತ್ತಿರುವವೇ: ಎಳೆದ ಬಿಲ್ಲು, ಕೀ ಕೊಟ್ಟ ಆಟಿಕೆ ಕಾರು, ಎತ್ತರದ ಟ್ಯಾಂಕಿನ ನೀರು. ಎತ್ತರದಿಂದ ಬರುವ ಶಕ್ತಿ ಸ್ಪ್ರಿಂಗಿನ ಶಕ್ತಿಯಾಗಿ ಬದಲಾಗುವುದನ್ನು ಒಂದೇ ವಸ್ತುವಿನಲ್ಲಿ ತೋರಿಸಲು ಅಂಗಡಿಯ ರೋಲಿಂಗ್ ಶಟರ್ ಇನ್ನೂ ಚೆನ್ನಾಗಿ ಒದಗುತ್ತದೆ. ನಮ್ಮ ಮನೆಯ ಮುಂದಿನ ಅಂಗಡಿ ಕೋಣೆಯ ಶಟರ್‌ನ ಸ್ಪ್ರಿಂಗ್ ತುಂಡಾಗಿ ಬದಲಿಸಬೇಕಾಯಿತು. ಆಗ ಅಳೆದಿಟ್ಟುಕೊಂಡ ಅಂಕಿಗಳನ್ನು ಈ ಬಾರಿಯ ಅಭ್ಯಾಸ ಬೋಧನೆಯಲ್ಲಿ ಬಳಸಿದೆ.

ಶಟರ್ ಎಷ್ಟು ಭಾರ ಇರಬಹುದು ಎಂದು ಕೇಳಿದರೆ ಮಕ್ಕಳು ಐದು, ಹತ್ತು ಕೆಜಿ ಎನ್ನುತ್ತಾರೆ. ಒಂದೇ ಕೈಯಲ್ಲಿ ಎತ್ತುವುದನ್ನು ಅವರು ದಿನಾ ನೋಡುತ್ತಾರಲ್ಲ. ಆರು ಅಡಿ ಅಗಲ, ಏಳು ಅಡಿ ಎತ್ತರದ ನಮ್ಮ ಶಟರ್ ಸುಮಾರು 50 ಕೆಜಿ. “ಸ್ಪ್ರಿಂಗ್ ತೂಕ ಕಡಿಮೆ ಮಾಡುತ್ತದೆ ಸರ್” ಎಂದು ಒಬ್ಬ ಹುಡುಗ ಹೇಳಿದ. ಪಾಠ ಶುರುವಾಗಬೇಕಾದದ್ದು ಇಲ್ಲಿಂದಲೇ. ತೂಕ ಎಲ್ಲೂ ಹೋಗುವುದಿಲ್ಲ. ಅದಕ್ಕೆ ಎದುರಾಗಿ ಇನ್ನೊಂದು ಬಲ ಎಳೆಯುತ್ತಿರುತ್ತದೆ.

ಬಾಗಿಲ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ಅಲುಗಾಡದಂತೆ ಕೂತಿರುತ್ತದೆ. ಸ್ಪ್ರಿಂಗಿನ ಒಂದು ತುದಿ ಈ ಪೈಪಿಗೆ, ಇನ್ನೊಂದು ತುದಿ ಪಟ್ಟಿಗಳು ಸುತ್ತಿಕೊಳ್ಳುವ ಚಕ್ರಕ್ಕೆ. ಶಟರ್ ಕೆಳಗೆಳೆದಾಗ ಚಕ್ರ ತಿರುಗಿ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೆಳಗೆ ಬಂದಷ್ಟೂ ತೂಗುವ ಪಟ್ಟಿಗಳು ಹೆಚ್ಚು, ಭಾರ ಹೆಚ್ಚು. ಸುತ್ತು ಹೆಚ್ಚಾದಷ್ಟೂ ಸ್ಪ್ರಿಂಗಿನ ಎಳೆತವೂ ಹೆಚ್ಚು. ಎರಡೂ ಜೊತೆಜೊತೆಯಾಗಿ ಏರುವುದರಿಂದಲೇ ಶಟರ್ ಎಲ್ಲಿ ಬಿಟ್ಟರೂ ಹೆಚ್ಚುಕಡಿಮೆ ಸಮತೋಲದಲ್ಲಿರುತ್ತದೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಮೇಲೆ ಕೆಳಗೆ ಜಾರುವ ಕಿಟಕಿಗಳಿವೆ. ಅಲ್ಲಿ ಬಾಗಿಲಿನ ಭಾರ ಯಾವಾಗಲೂ ಒಂದೇ. ಹಾಗಾಗಿ ಚೌಕಟ್ಟಿನೊಳಗೆ ರಾಟೆಯ ಮೇಲಿನ ಹಗ್ಗಕ್ಕೆ ತೂಕದ ಗುಂಡು ಕಟ್ಟಿದರೆ ಸಾಕು. ‘ಇಲ್ಲಿ ಗುಂಡು ಯಾಕೆ ಸಾಲದು?’ ಎಂಬ ಪ್ರಶ್ನೆಗೆ ತರಗತಿಯಲ್ಲಿ ಒಳ್ಳೆಯ ಚರ್ಚೆಯಾಯಿತು.

ನಮ್ಮ ಶಟರ್‌ಗೆ ಎರಡು ಸ್ಪ್ರಿಂಗ್. ಒಂದು ಮುರಿದಿದ್ದಾಗ ಕೆಳಗಿನ ಹಿಡಿಗೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎತ್ತಿದೆ. ಶಟರ್ ಅಲುಗುವಾಗ 29 ಕೆಜಿ ತೋರಿಸಿತು. ಹೊಸದು ಹಾಕಿದ ಮೇಲೆ 6. ವ್ಯತ್ಯಾಸ 23 ಕೆಜಿ, ಅಂದರೆ ಸುಮಾರು 225 ನ್ಯೂಟನ್; ಶಟರ್ ತೂಕದ ಅರ್ಧಕ್ಕೆ ಹತ್ತಿರ. ಒಂದು ಸ್ಪ್ರಿಂಗಿನ ಪಾಲು ಅಷ್ಟೇ ಎಂದು ಮಕ್ಕಳೇ ಹೇಳಿದರು.

ಆದರೆ ಈ ರಿಪೇರಿಯನ್ನು ಯಾರೂ ಪ್ರಯೋಗವೆಂದು ಕೈಗೆತ್ತಿಕೊಳ್ಳಬಾರದು. ಅದಕ್ಕೆ ಕಾರಣವನ್ನೂ ಲೆಕ್ಕದಲ್ಲೇ ತೋರಿಸಬಹುದು. ಶಟರ್ ಪೂರ್ತಿ ಇಳಿದಾಗ 50 ಕೆಜಿಯ ಭಾರಕೇಂದ್ರ ಸುಮಾರು ಒಂದು ಮೀಟರ್ ಕೆಳಗೆ ಬರುತ್ತದೆ: 50 × 9.8 × 1, ಸುಮಾರು 490 ಜೂಲ್. ಇದರ ಬಹುಪಾಲು ಸ್ಪ್ರಿಂಗಿನಲ್ಲಿ ಕೂತಿರುತ್ತದೆ. 25 ಕೆಜಿಯ ಅಕ್ಕಿ ಚೀಲ ಎರಡು ಮೀಟರ್ ಎತ್ತರದಿಂದ ಬಿದ್ದರೆ ಎಷ್ಟೋ, ಅಷ್ಟು. ಮೆಕ್ಯಾನಿಕ್ ಮೊದಲು ಶಟರ್ ಪೂರ್ತಿ ಮೇಲೇರಿಸಿ, ಸುರುಳಿಯನ್ನು ಹಗ್ಗದಿಂದ ಬಿಗಿದು, ಆಮೇಲಷ್ಟೇ ಬೋಲ್ಟ್‌ಗೆ ಕೈ ಹಾಕಿದರು. ಪೂರ್ತಿ ಮೇಲಿದ್ದರೂ ಸ್ಪ್ರಿಂಗ್ ಸಡಿಲವಾಗಿರುವುದಿಲ್ಲ. ಜೋಡಿಸುವಾಗಲೇ ಕೆಲವು ಸುತ್ತು ಬಿಗಿ ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಶಟರ್ ಮೇಲೆ ನಿಲ್ಲದು. ಮುರಿದದ್ದು ಒಂದೇ ಆದರೂ ಅವರು ಎರಡನ್ನೂ ಬದಲಿಸಿದರು. ಹಳೆಯದು ಸೋತಿರುತ್ತದೆ, ಹೊಸದರ ಜೊತೆ ಸಮನಾಗಿ ಎಳೆಯುವುದಿಲ್ಲ ಎಂದರು.

ಉಳಿದ 6 ಕೆಜಿ ಎಲ್ಲಿಂದ ಬಂತು ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಹೆಚ್ಚಿನದು ಎರಡೂ ಬದಿಯ ಚಾನಲ್‌ನಲ್ಲಿ ಪಟ್ಟಿಗಳು ಉಜ್ಜುವ ಘರ್ಷಣೆ. ಗ್ರೀಸ್ ಹಚ್ಚಿದರೆ ಅದು ತಗ್ಗುತ್ತದೆ. ಆದರೆ ಅರ್ಧ ತೆರೆದ ಶಟರ್ ಅಲ್ಲೇ ನಿಲ್ಲುವುದಕ್ಕೂ ಅದೇ ಘರ್ಷಣೆಯ ನೆರವು ಬೇಕು.