ಮರದ ಕಿಟಕಿ ಚೌಕಟ್ಟುಗಳ ಜೀರ್ಣೋದ್ಧಾರ: ಆವತಿ ಪರಿಸರದ ಹಿನ್ನೆಲೆಯಲ್ಲಿ

ದೇವನಹಳ್ಳಿ ತಾಲ್ಲೂಕಿನ ಆವತಿಯು ನಾಡಪ್ರಭುಗಳ ಮೂಲನೆಲೆಯಾಗಿ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಈ ಮನೆತನದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಇಂತಹ ನೆಲೆಗಳ ಅಧ್ಯಯನದಲ್ಲಿ ಕೋಟೆ, ದೇಗುಲ, ಶಾಸನಗಳಿಗೆ ಸಂದ ಗಮನವು ಜನವಸತಿಯ ಮರಗೆಲಸಕ್ಕೆ ಸಂದಿಲ್ಲ. 2008ರಲ್ಲಿ ಈ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾದಂದಿನಿಂದ ಹೊಸ ಕಟ್ಟಡಗಳ ಒತ್ತಡವೂ ಹೆಚ್ಚಿದೆ. ಕೆಳತುದಿ ಕೊಳೆತಿತೆಂಬ ಒಂದೇ ಕಾರಣಕ್ಕೆ ಹಳೆಯ ಕಿಟಕಿಯ ಇಡೀ ಚೌಕಟ್ಟನ್ನು ಕಿತ್ತುಹಾಕುವುದು ಅನಿವಾರ್ಯವೇ ಎಂಬುದು ಇಲ್ಲಿನ ವಿಚಾರ.

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಮರದಲ್ಲಿನ ತೇವಾಂಶವು ಶೇಕಡ 20ಕ್ಕಿಂತ ಕಡಿಮೆ ಇರುವವರೆಗೆ ಅದು ಬೆಳೆಯಲಾರದು. ಚೌಕಟ್ಟಿನ ನಿಲುವು ಪಟ್ಟಿಯು ಕೆಳಗಿನ ಅಡ್ಡಪಟ್ಟಿಯನ್ನು ಸೇರುವೆಡೆ ಮರದ ಕೊಯ್ದ ತುದಿಯು ನೀರನ್ನು ಹೀರುವುದರಿಂದ ಕೊಳೆತವು ಸಾಮಾನ್ಯವಾಗಿ ಅಲ್ಲಿಂದಲೇ ಮೊದಲಾಗುತ್ತದೆ. ಮೇಲ್ಭಾಗವು ಗಟ್ಟಿಯಾಗಿಯೇ ಉಳಿದಿರುತ್ತದೆ. ಸುಣ್ಣದ ಗಾರೆಯು ತೇವವನ್ನು ಹೊರಬಿಡುತ್ತದೆ. ಮಣ್ಣುಗೋಡೆಗೆ ಬಳಿದ ಸಿಮೆಂಟು ಅದನ್ನು ಒಳಗೇ ತಡೆಹಿಡಿಯುತ್ತದೆ. ಆದುದರಿಂದ ನೀರಿನ ಮೂಲವನ್ನು ಮುಚ್ಚದೆ ಮಾಡಿದ ದುರಸ್ತಿಯು ನಿಷ್ಫಲ.

ದುರಸ್ತಿಯ ಕ್ರಮ ಹೀಗಿದೆ. ಮೊನೆಯುಳ್ಳ ಸಾಧನದಿಂದ ಚುಚ್ಚಿ ಕೊಳೆತದ ಮೇರೆಯನ್ನು ಗುರುತಿಸಬೇಕು. ಅದಕ್ಕಿಂತ ತುಸು ಮೇಲಕ್ಕೆ, ಗಟ್ಟಿ ಮರ ಸಿಕ್ಕುವವರೆಗೆ ಕೊಯ್ಯಬೇಕು. ಕೊಯ್ತವು ಅಡ್ಡಲಾಗಿರದೆ ಓರೆಯಾಗಿರಬೇಕು. ಓರೆ ಉದ್ದವಾದಷ್ಟೂ ಅಂಟು ಹಿಡಿಯುವ ಮೈ ಹೆಚ್ಚುತ್ತದೆ. ಓರೆಯ ಇಳಿಜಾರು ಹೊರಮುಖವಾಗಿದ್ದರೆ ಮಳೆನೀರು ಕೂಡಿನೊಳಗೆ ಇಳಿಯದೆ ಹೊರಗೆ ಜಾರುತ್ತದೆ. ಹೊಸ ತುಂಡು ಅದೇ ಜಾತಿಯ, ಚೆನ್ನಾಗಿ ಒಣಗಿದ ಕೆಚ್ಚಿನ ಮರವಾಗಿರಬೇಕು. ಅದರ ಎಳೆಯು ಹಳೆಯದರ ಎಳೆಯ ದಿಕ್ಕಿನಲ್ಲಿಯೇ ಸಾಗಬೇಕು. ಹಸಿಮರವು ಒಣಗುತ್ತ ಕುಗ್ಗಿ ಕೂಡನ್ನು ಬಿಡಿಸುತ್ತದೆ. ನೀರಿಗೆ ಕರಗದ ಅಂಟು ಹಚ್ಚಿ, ಮರದ ಮೊಳೆಗಳಿಂದ ಬಿಗಿದು, ಕೊನೆಗೆ ತೋಪಡ ಹೊಡೆದು ಮೈಯನ್ನು ಸಮಗೊಳಿಸಬೇಕು. ಕಬ್ಬಿಣದ ಮೊಳೆಯು ತುಕ್ಕು ಹಿಡಿದು ಸುತ್ತಲ ಮರವನ್ನು ಕೆಡಿಸುವುದರಿಂದ ಅದು ಸಲ್ಲದು.

ಈ ವಿಧಾನದ ಲಾಭವು ಮರದ ಉಳಿತಾಯಕ್ಕೆ ಸೀಮಿತವಲ್ಲ. ಇಡೀ ಚೌಕಟ್ಟನ್ನು ಕೀಳುವಾಗ ಮಣ್ಣುಗೋಡೆಯ ಅಂಚುಗಳು ಉದುರುತ್ತವೆ. ತುಂಡು ಜೋಡಣೆಯಲ್ಲಿ ಗೋಡೆಗೆ ಅಷ್ಟು ಪೆಟ್ಟಾಗದು. ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮೊಸ್ 1999ರಲ್ಲಿ ಅಂಗೀಕರಿಸಿ 2017ರಲ್ಲಿ ದೆಹಲಿಯಲ್ಲಿ ನವೀಕರಿಸಿದ ಮರದ ಕಟ್ಟಡಗಳ ಸಂರಕ್ಷಣಾ ತತ್ತ್ವಗಳೂ ಮೂಲ ದ್ರವ್ಯವನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದನ್ನೇ ಎತ್ತಿಹಿಡಿಯುತ್ತವೆ. ಹಳೆಯ ಚೌಕಟ್ಟಿನ ಮೇಲೆ ಉಳಿದ ಬಾಚಿ, ಉಳಿಗಳ ಗುರುತುಗಳು ಆ ಕಾಲದ ಬಡಗಿಯ ಕೆಲಸಕ್ಕೆ ನೇರ ಸಾಕ್ಷ್ಯ. ಚೌಕಟ್ಟು ಸೌದೆಯಾದರೆ ಅದು ಮತ್ತೆ ದೊರೆಯದು.