ನಿಂತಲ್ಲೇ ಓಡುವ ಇಂಜಿನ್, ಕಟ್ಟಿಕೊಳ್ಳುವ ಫಿಲ್ಟರ್

ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಒಯ್ಯುವ ಪಿಕಪ್‌ಗಳು ನಸುಕಿನಲ್ಲೇ ಚಾಲೂ ಆಗುತ್ತವೆ. ಕೆಲವು ಖಾನಾಪುರ, ಲೋಂಡಾ ದಾಟಿ ಅನಮೋಡ ಘಾಟಿಗೆ ಹೋದರೆ, ಕೆಲವು ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟಿಗೆ ಹೋಗುತ್ತವೆ. ಚಳಿಗಾಲದಲ್ಲಿ ಹೊರಡುವ ಮುಂಚೆ ಹತ್ತು ಹದಿನೈದು ನಿಮಿಷ ‘ಗಾಡಿ ಕಾಯಲಿ ಬಿಡ್ರಿ’ ಎಂದು ಇಂಜಿನ್ ಬಿಟ್ಟಿರುವುದು ಹಳೆಯ ರೂಢಿ. ಅಷ್ಟು ಹೊತ್ತೂ ಹಮಾಲರು ಕೋಸಿನ ಚೀಲ ಏರಿಸುತ್ತಿರುತ್ತಾರೆ. ಹೊಗೆಕೊಳವೆ ಅವರ ಕಾಲ ಬಳಿಯಲ್ಲೇ ಇರುತ್ತದೆ.

ಈ ರೂಢಿಯ ಬೆಲೆ ಮುಂದಿನ ಕೆಲವೇ ವರ್ಷಗಳಲ್ಲಿ ಏರಲಿದೆ.

ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯ ಡಿಸೆಂಬರ್ ಚಳಿ ನಮಗೆ ಚಳಿಯೇ ಹೊರತು ಇಂಜಿನ್‌ಗಲ್ಲ. 12 ಡಿಗ್ರಿಯಲ್ಲೂ ಆಯಿಲ್ ಸರಾಗವಾಗಿ ಹರಿಯುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಕಟ್ಟುತ್ತದೆ. ಅರ್ಧ ನಿಮಿಷ ಬಿಟ್ಟು, ಮೊದಲ ಮೂರ್ನಾಲ್ಕು ಕಿಲೋಮೀಟರ್ ಎಕ್ಸಲರೇಟರ್ ಜೋರಾಗಿ ತುಳಿಯದೆ ಓಡಿಸಿದರೆ ಸಾಕು. ನಿಂತ ಗಾಡಿಯಲ್ಲಿ ಉರಿಯುವ ಇಂಧನ ತೀರಾ ಕಡಿಮೆಯಾದ್ದರಿಂದ ಡೀಸೆಲ್ ಇಂಜಿನ್ ಬೇಗ ಕಾಯುವುದೇ ಇಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಪೂರ್ತಿ ಉರಿಯದ ಡೀಸೆಲ್ ಗೋಡೆಗೆ ಅಂಟಿ ಆಯಿಲ್‌ಗೆ ಇಳಿಯುತ್ತದೆ.

2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಪಿಕಪ್‌ಗಳಿಗೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಬಂತು. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ನಿಂತಲ್ಲೇ ಓಡುವ ಇಂಜಿನ್ನಿನ ಹೊಗೆ 200 ಡಿಗ್ರಿ ಮುಟ್ಟುವುದೂ ಕಷ್ಟ. ಹೀಗಾಗಿ ಮಸಿ ಸೇರುತ್ತಲೇ ಹೋಗುತ್ತದೆ, ಸುಡುವುದಿಲ್ಲ. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಗಾಡಿಯ ಎಳೆತ ಬಿದ್ದುಹೋಗುತ್ತದೆ.

ಹೊಸ ಫಿಲ್ಟರಿನ ಬೆಲೆ ಕೇಳಿದ ಮಾಲೀಕನಿಗೆ ಅದನ್ನು ಕಿತ್ತು ಖಾಲಿ ಕೊಳವೆ ಕೂರಿಸುವುದೇ ಅಗ್ಗವೆನಿಸುತ್ತದೆ. ನನ್ನ ಆತಂಕವೆಲ್ಲ ಇಲ್ಲಿದೆ. ನಮ್ಮ ಪಿಯುಸಿ ತಪಾಸಣೆ ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು. ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳ ಲೆಕ್ಕ ಅದಕ್ಕೆ ಸಿಗದು, ಫಿಲ್ಟರ್ ಕಿತ್ತ ಗಾಡಿಯೂ ಅಲ್ಲಿ ಪಾಸಾಗಬಹುದು. 2020ರಲ್ಲಿ ಕೊಂಡ ಗಾಡಿಗಳಿಗೆ 2028ಕ್ಕೆ ಎಂಟು ವರ್ಷ ತುಂಬುತ್ತದೆ. ಒಂದೊಂದಾಗಿ ಫಿಲ್ಟರುಗಳು ಹೋದರೆ ಬಿಎಸ್-6 ತಂದ ಲಾಭವೂ ಅವುಗಳ ಜೊತೆಗೇ ಹೋಗುತ್ತದೆ.

ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲೇ ಸಾರಿ, ಅದನ್ನು ತಂಬಾಕಿನ ಹೊಗೆ ಇರುವ ಮೊದಲ ಗುಂಪಿಗೆ ಸೇರಿಸಿದೆ. ಚಳಿಗಾಲದ ನಸುಕಿನಲ್ಲಿ ನೆಲದ ಗಾಳಿ ತಣ್ಣಗಾಗಿ, ಮೇಲೆ ಬೆಚ್ಚನೆಯ ಪದರ ಕೂತು, ಹೊಗೆ ಮೇಲೇಳದೆ ಓಣಿಗಳಲ್ಲೇ ನಿಲ್ಲುತ್ತದೆ. ಇಂಜಿನ್ ಸುಮ್ಮನೆ ಓಡುವುದೂ ಅದೇ ಹೊತ್ತಿನಲ್ಲಿ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ, ಬೆಳಗಾವಿ ಇಲ್ಲ.

ಘಾಟಿ ಹತ್ತಿ ಬಂದ ಗಾಡಿಯನ್ನು ಆಫ್ ಮಾಡುವ ಮುಂಚೆ ಒಂದು ನಿಮಿಷ ಬಿಡುವುದು ಸರಿ, ಟರ್ಬೊ ತಣಿಯಬೇಕು. ಫಿಲ್ಟರ್ ದೀಪ ಹತ್ತಿದರೆ ಗಾಡಿ ನಿಲ್ಲಿಸದೆ, ಕಂಪನಿಯ ಕೈಪಿಡಿ ಹೇಳಿದಂತೆ ಖಾನಾಪುರ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಹೆಚ್ಚಿನ ಸಲ ಮಸಿ ಸುಟ್ಟುಹೋಗುತ್ತದೆ. ಸಾರಿಗೆ ಇಲಾಖೆಯೂ ಫಿಟ್‌ನೆಸ್‌ಗೆ ಬಂದ ಪ್ರತಿ ಪಿಕಪ್‌ನ ಕೆಳಗೆ ಬಗ್ಗಿ, ಫಿಲ್ಟರ್ ಇದೆಯೋ ಇಲ್ಲವೋ ಎಂದು ಈ ವರ್ಷದಿಂದಲೇ ನೋಡಬೇಕು.